‘ಸೊನ್ನೆ ಯಾಕಲ್ಲ?’ ಎಂದು ಕೇಳಿದವರು

ಮನಸ್ಸನ್ನು ಅಳೆಯುವ ವಿದ್ಯೆಯಲ್ಲಿ ತೊಡಗಿದವರಲ್ಲಿ ಬಹುಪಾಲು ಜನ ಕಷ್ಟದ ತೂಕವನ್ನು ನೋಡುವವರು. ಒತ್ತಡ ಎಷ್ಟಿದೆ, ಆತಂಕ ಎಷ್ಟಿದೆ, ನಿದ್ದೆ ಎಷ್ಟು ಕೆಟ್ಟಿದೆ ಎಂದು ಅವರು ಕೇಳುತ್ತಾರೆ. ಆ ತೂಕವನ್ನು ಹೊರಬೇಕಾದ ಮನುಷ್ಯನಿಗೆ ತನ್ನ ಹೆಗಲ ಮೇಲೆ ಎಷ್ಟು ನಂಬಿಕೆಯಿದೆ ಎಂದು ಕೇಳುವವರು ಕಡಿಮೆ. ಆ ಕಡಿಮೆ ಮಂದಿಯ ಸಾಲಿನಲ್ಲಿ, ಆ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ, ನಮ್ಮ ಜನಕ್ಕೆ ಅರ್ಥವಾಗುವಂತೆ ಕೇಳುವುದು ಹೇಗೆಂದು ಇಡೀ ವೃತ್ತಿಜೀವನ ತಲೆ ಕೆಡಿಸಿಕೊಂಡವರು ನಮ್ಮ ಮೇಡಂ. ಅವರಿಗೆ ಅರವತ್ತು ತುಂಬಿ, ವಿಭಾಗದ ಕೋಣೆಯ ಬೀಗದಕೈಯನ್ನು ನನ್ನ ಕೈಗಿತ್ತು ಅವರು ಹೊರನಡೆದ ಈ ಸಂದರ್ಭದಲ್ಲಿ, ಅವರ ಹಳೆಯ ವಿದ್ಯಾರ್ಥಿನಿಯಾಗಿಯೂ ಅನಂತರದ ಸಹೋದ್ಯೋಗಿಯಾಗಿಯೂ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಸಂಪಾದಕರು ‘ಸಂಯಮದಿಂದ ಬರೆಯಿರಿ’ ಎಂದು ಸೂಚಿಸಿದ್ದಾರೆ. ಮೇಡಂ ಬಗ್ಗೆ ಸಂಯಮದಿಂದ ಬರೆಯುವುದು ನನ್ನಿಂದ ಆಗುವ ಕೆಲಸವಲ್ಲ. ಆದರೂ ಪ್ರಯತ್ನಿಸುತ್ತೇನೆ.

ನಾನು ಅವರನ್ನು ಮೊದಲು ಕಂಡದ್ದು ಸ್ನಾತಕೋತ್ತರ ತರಗತಿಯ ಮೊದಲ ವಾರದಲ್ಲಿ. ಅಂದು ನಾನು ಎಲ್ಲರೆದುರು ಒಂದು ಪ್ರಬಂಧ ಓದಬೇಕಿತ್ತು. ಹಾಳೆಗಳನ್ನು ಹಿಡಿದು ತರಗತಿಯ ಹೊರಗೇ ಸುಳಿದಾಡುತ್ತಿದ್ದೆ. ಅವರು ಬಾಗಿಲ ಬಳಿ ನನ್ನನ್ನು ತಡೆದು ಮೆಲ್ಲಗೆ ಕೇಳಿದರು. “ಇದನ್ನ ಓದಿ ಮುಗಿಸ್ತೀನಿ ಅಂತ ನಂಬಿಕೆ ಇದೆಯಾ? ಹತ್ತಕ್ಕೆ ಎಷ್ಟು?” ನಾನು ಎರಡು ಎಂದೆ. ಬೇರೆ ಯಾರೇ ಆಗಿದ್ದರೂ ‘ಯಾಕೆ ಅಷ್ಟು ಕಡಿಮೆ?’ ಎಂದು ಕೇಳಿ ನನ್ನ ಭಯಗಳನ್ನೆಲ್ಲ ಸಾಲಾಗಿ ಎಣಿಸುವಂತೆ ಮಾಡುತ್ತಿದ್ದರು. ಮೇಡಂ ಕೇಳಿದ್ದು ಬೇರೆ. “ಸೊನ್ನೆ ಯಾಕಲ್ಲ?”

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಭಯದ ಕಡೆಗಲ್ಲ, ಇನ್ನೊಂದು ಕಡೆಗೆ ತಿರುಗಿ ನೋಡಬೇಕಾಯಿತು. ಬರೆದದ್ದು ನಾನೇ, ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೇನೆ, ಇಷ್ಟಾದರೂ ಬಾಗಿಲ ತನಕ ಬಂದಿದ್ದೇನೆ ಎಂದು ಏನೇನೋ ಹೇಳಿದೆ. “ಸರಿ, ಅಷ್ಟನ್ನ ಹಿಡ್ಕೊಂಡು ಒಳಗೆ ಬಾ” ಎಂದರು. ನಾನು ಓದಿದ್ದು ಚೆನ್ನಾಗಿತ್ತೆಂದು ಯಾರೂ ಹೇಳಲಿಲ್ಲ, ಆದರೆ ಓದಿ ಮುಗಿಸಿದೆ. ಅಂದಿನಿಂದ ನಮ್ಮ ತಂಡದವರು ಬೆನ್ನ ಹಿಂದೆ ಅವರನ್ನು ‘ಸೊನ್ನೆ ಮೇಡಂ’ ಎಂದು ಕರೆಯತೊಡಗಿದರು. ಅದು ಅವರಿಗೆ ಗೊತ್ತಿತ್ತು. ಒಮ್ಮೆ ಹಾಜರಿ ಕರೆದು ಮುಗಿಸಿ, “ಸೊನ್ನೆಯೂ ಹಾಜರ್” ಎಂದು ಪುಸ್ತಕ ಮುಚ್ಚಿದ್ದರು.

ಹತ್ತಕ್ಕೆ ಹತ್ತು ಎನ್ನುವವರ ವಿಷಯದಲ್ಲಿ ಮಾತ್ರ ಅವರ ನಡೆ ಬೇರೆ. ಅಂಥವರನ್ನು ಅವರು ಏನೂ ಕೇಳುತ್ತಿರಲಿಲ್ಲ. ಒಂದು ಲೋಟ ಟೀ ತರಿಸಿಕೊಟ್ಟು ಕಳಿಸಿ, ನಮ್ಮ ಕಡೆ ತಿರುಗಿ “ಇವರ ಮೇಲೆ ಒಂದು ಕಣ್ಣಿಟ್ಟಿರಿ” ಎನ್ನುತ್ತಿದ್ದರು. ಹತ್ತು ಎಂದವರು ಒಂದೋ ಬಹಳ ಸುಖವಾಗಿದ್ದಾರೆ, ಇಲ್ಲವೇ ಬಹಳ ಕಷ್ಟದಲ್ಲಿದ್ದಾರೆ ಎನ್ನುವುದು ಅವರ ಅನುಭವ.

ಮೇಡಂ ಅವರ ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಮೇಡಂ ಅವರ ಮೇಜು. ನಡುವೆ ಬಾಗಿಲಿರಲಿಲ್ಲ, ಒಂದು ಪರದೆಯಿತ್ತು. ನಾವು ಸಂಶೋಧನೆಯ ಮಾತಿಗೆಂದು ಹೋದಾಗ ಅವರು ಕತ್ತರಿ ಆಡಿಸುತ್ತಲೇ ಪರದೆಯಾಚೆಯಿಂದ ಕಾಲೆಳೆಯುತ್ತಿದ್ದರು. “ನಾನು ಎದೆ ಅಳೀತೀನಿ, ಇವಳು ಎದೆಗಾರಿಕೆ ಅಳೀತಾಳೆ. ನನ್ನ ಅಳತೆ ತಪ್ಪಿದ್ರೆ ಬಟ್ಟೆ ಬಿಚ್ಚಿ ಹೊಲಿದ್ರಾಯ್ತು. ಇವಳ ಅಳತೆ ತಪ್ಪಿದ್ರೆ ಏನ್ ಬಿಚ್ತೀರಾ?” ನಾವು ನಗುತ್ತಿದ್ದೆವು. ಮೇಡಂ ನಗುತ್ತಿರಲಿಲ್ಲ. ಆ ಮಾತನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂದು ನನಗೆ ತಿಳಿದದ್ದು ನಗರದ ಬಸ್ ಚಾಲಕರ ಅಧ್ಯಯನದ ಕಾಲದಲ್ಲಿ.

ಆ ಅಧ್ಯಯನ ಅವರ ವೃತ್ತಿಜೀವನದ ಮುಖ್ಯ ಕೆಲಸ. ದಿನವಿಡೀ ಸಂದಣಿಯಲ್ಲಿ ಬಸ್ಸು ಓಡಿಸುವವರಿಗೆ ಒತ್ತಡವನ್ನು ಎದುರಿಸಬಲ್ಲೆನೆಂಬ ನಂಬಿಕೆ ಎಷ್ಟಿದೆ ಎಂದು ಅಳೆಯುವ ಪ್ರಶ್ನಾವಳಿಯೊಂದನ್ನು ಅವರು ಸಿದ್ಧಪಡಿಸುತ್ತಿದ್ದರು, ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ. ‘ಆತ್ಮವಿಶ್ವಾಸ’ ಎಂಬ ಪದವನ್ನು ಅವರು ಮೊದಲ ದಿನವೇ ಹೊಡೆದುಹಾಕಿದರು. ಅದು ಭಾಷಣದ ಪದ, ಅದನ್ನು ಕೇಳಿದ ಕೂಡಲೇ ಜನ ಎದೆ ಉಬ್ಬಿಸಿ ಕೂರುತ್ತಾರೆ, ನಿಜ ಹೇಳುವುದಿಲ್ಲ ಎನ್ನುವುದು ಅವರ ವಾದ. ಹೀಗೆ ಒಂದೊಂದು ಪದವನ್ನೂ ತೂಗಿ ನೋಡಿ, ಸಾಲುಗಳನ್ನು ಬರೆದು ಅಳಿಸಿ, ಕೊನೆಗೆ ಅವರೇ ಸ್ವತಃ ರೂಪಿಸಿದ ಮುಖ್ಯ ಪ್ರಶ್ನೆ ಇದು: ‘ಕೆಲಸದ ನಡುವೆ ಒತ್ತಡ ಹೆಚ್ಚಾದಾಗ ತಡೆದುಕೊಳ್ಳಬಲ್ಲೆ ಎಂಬ ನಂಬಿಕೆ ನಿಮಗೆ ಹತ್ತಕ್ಕೆ ಎಷ್ಟಿದೆ?’ ನಾವೆಲ್ಲ ತಲೆದೂಗಿದೆವು. ಸರಳವಾಗಿದೆ, ಆಡುಮಾತಿಗೆ ಹತ್ತಿರವಾಗಿದೆ ಎಂದು ಹೊಗಳಿದೆವು.

ಉತ್ತರಗಳು ಬರತೊಡಗಿದವು, ಬಹಳ ವಿಚಿತ್ರವಾಗಿ ಬರತೊಡಗಿದವು. ಬೇಸಿಗೆಯಲ್ಲಿ ಚಾಲಕರ ನಂಬಿಕೆ ಏರುತ್ತಿತ್ತು, ಚಳಿಯಲ್ಲಿ ಇಳಿಯುತ್ತಿತ್ತು. ಗಿಜಿಗುಡುವ ಮಾರುಕಟ್ಟೆಯ ದಾರಿಯವರು ಎಂಟು ಒಂಬತ್ತು ಎನ್ನುತ್ತಿದ್ದರು, ಊರಾಚೆಯ ಖಾಲಿ ರಸ್ತೆಯ ಉದ್ದ ದಾರಿಯವರು ಮೂರು ನಾಲ್ಕು ಎನ್ನುತ್ತಿದ್ದರು. ವಯಸ್ಸಾದಂತೆಲ್ಲ ಅಂಕ ಕುಸಿಯುತ್ತಿತ್ತು. ಸಂದಣಿಗಿಂತ ಒಂಟಿತನವೇ ಮನುಷ್ಯನನ್ನು ಹೆಚ್ಚು ದಣಿಸುತ್ತದೆ ಎಂದು ನಾನು ಒಂದು ಸಿದ್ಧಾಂತವನ್ನೇ ಕಟ್ಟಿದೆ, ಅದಕ್ಕೆ ಚಳಿಗಾಲದ ವಿಷಾದವನ್ನೂ ಸೇರಿಸಿದೆ. ಮೇಡಂ ಅದನ್ನು ಓದಿ, “ಚೆನ್ನಾಗಿ ಬರ್ದಿದೀಯ. ಆದ್ರೆ ಒಂದ್ಸಲ ಅವರನ್ನೇ ಕೇಳೋಣ” ಎಂದು ಚೀಲ ಹೆಗಲಿಗೇರಿಸಿದರು.

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಉದ್ದನೆಯ ಬೆಂಚು, ಗೋಡೆಯ ತುಂಬ ಖಾಕಿ ಅಂಗಿಗಳು, ಮೂಲೆಯಲ್ಲಿ ಟೀ ಡ್ರಮ್ಮು. ಆ ಬೆಂಚಿನ ತುದಿಯಲ್ಲಿ ಕೂತಿದ್ದವರು, ಎಂದೂ ಅವಸರಪಡದ ಕಾರಣಕ್ಕೆ ಪ್ರಯಾಣಿಕರೂ ಸಹೋದ್ಯೋಗಿಗಳೂ ‘ನಿಧಾನಪ್ಪ’ ಎಂದು ಕರೆಯುತ್ತಿದ್ದ ಹಿರಿಯ ಚಾಲಕರು. ಅವರದು ಊರಾಚೆಯ ಉದ್ದ ದಾರಿ. ಅಂಕ ನಾಲ್ಕು. ಮೇಡಂ ಎಂದಿನಂತೆ ಸೊನ್ನೆ ಯಾಕಲ್ಲ ಎಂದು ಕೇಳಿದರು.

“ಟರ್ಮಿನಸ್ ತನಕ ಹೇಗಾದ್ರೂ ತಡ್ಕೋತೀನಿ ಮೇಡಂ” ಎಂದರು ನಿಧಾನಪ್ಪ. “ಟೀ ಕುಡಿದಿದ್ರೆ ಮಾತ್ರ ಕಷ್ಟ.”

“ಟೀಗೂ ಒತ್ತಡಕ್ಕೂ ಏನ್ ಸಂಬಂಧ?”

ಅವರು ಪಕ್ಕದವರ ಮುಖ ನೋಡಿದರು, ಪಕ್ಕದವರು ಸೂರು ನೋಡಿದರು. “ಟೀ ಕುಡಿದ್ರೆ ಒತ್ತಡ ಜಾಸ್ತಿ ಆಗಲ್ವಾ ಮೇಡಂ? ಚಳೀಲಂತೂ ಕೇಳಲೇಬೇಡಿ. ಆ ಕಡೆ ಟರ್ಮಿನಸ್ಸಲ್ಲಿ ಒಂದು ಮರ ಇತ್ತು, ಅದನ್ನೂ ಕಡಿದುಬಿಟ್ರು.”

ಅವರು ಹೇಳುತ್ತಿದ್ದುದು ಯಾವ ಒತ್ತಡವೆಂದು ಆಗ ಹೊಳೆಯಿತು. ಮೇಡಂ ನಗತೊಡಗಿದರು, ಕಣ್ಣಲ್ಲಿ ನೀರು ಬರುವ ತನಕ, ಬೆಂಚು ಹಿಡಿದುಕೊಂಡು ನಕ್ಕರು. ಅವರ ನಗು ಕಂಡು ಮುಜುಗರದಿಂದ ಕುಗ್ಗಿದ್ದ ಚಾಲಕರೂ ನಕ್ಕರು. ನಗದೆ ಉಳಿದವಳು ನಾನೊಬ್ಬಳೇ. ಒಂಟಿತನದ ಸಿದ್ಧಾಂತ ನನ್ನ ಕೈಯಲ್ಲೇ ಇತ್ತು.

ಈ ಪ್ರಸಂಗವನ್ನು ಅಲ್ಲಿಗೇ ಮುಚ್ಚಿಹಾಕುವುದು ಬಹಳ ಸುಲಭವಿತ್ತು. ಮೇಡಂ ಹಾಗೆ ಮಾಡಲಿಲ್ಲ. ಬಂದ ಉತ್ತರಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರುಮಾಡಿದರು, ಆ ವರ್ಷದ ವಿದ್ವತ್ಸಭೆಯಲ್ಲಿ ತಮ್ಮ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ತೋರಿಸಿ, “ಇದನ್ನು ಬರೆದವಳು ನಾನು. ಇದರಿಂದ ನಾನು ಅಳೆದದ್ದು ಮನಸ್ಸನ್ನಲ್ಲ” ಎಂದು ತಾವೇ ವಿವರಿಸಿದರು. ಸಭೆಯ ಹೊಟ್ಟೆ ಹುಣ್ಣಾಯಿತು. ಆದರೆ ಅವರ ಪಾಲಿಗೆ ಅದು ಬರೀ ನಗೆಯ ವಿಷಯವಾಗಿರಲಿಲ್ಲ. ನಾವು ಕೇಳದ ಪ್ರಶ್ನೆಯೊಂದಕ್ಕೆ ಚಾಲಕರು ಪ್ರಾಮಾಣಿಕವಾಗಿ ಉತ್ತರಿಸಿದ್ದಾರೆ, ಆ ಉತ್ತರವನ್ನು ವ್ಯರ್ಥ ಮಾಡಬಾರದು ಎಂದು ಸಾರಿಗೆ ಸಂಸ್ಥೆಯ ಕಚೇರಿಗೆ ಹೋಗಿ ಹೋಗಿ ಬೆನ್ನು ಹತ್ತಿದರು. ಮರುವರ್ಷ ಸಂಸ್ಥೆಯವರು ಊರಾಚೆಯ ಟರ್ಮಿನಸ್ಸಿನಲ್ಲಿ ಶೌಚಾಲಯ ಕಟ್ಟಿದರು. ನಮ್ಮ ವಿಭಾಗದ ಸಂಶೋಧನೆಯಿಂದ ಸಮಾಜಕ್ಕೆ ನೇರವಾಗಿ ಆದ ಮೊದಲ ಪ್ರಯೋಜನ ಇದೇ ಎಂದು ನಾನು ಹೆಮ್ಮೆಯಿಂದ ದಾಖಲಿಸುತ್ತೇನೆ.

ಹೊಸ ಪದವೂ ಆ ಬೆಂಚಿನ ಮೇಲೇ ಸಿಕ್ಕಿತು. ಚಾಲಕರು ಒಂದು ಸುತ್ತು ಮುಗಿಸಿ ಬಂದು, ಕುಸಿದು ಕೂತು, “ಸ್ವಲ್ಪ ಸುಧಾರಿಸ್ಕೊಂಡು ಹೊರಡ್ತೀನಿ” ಎನ್ನುವುದನ್ನು ಮೇಡಂ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ದಾರಿಯಲ್ಲಿ ಥಟ್ಟನೆ ನಿಂತು ನನಗೆ ಹೇಳಿದರು. “ತಡ್ಕೊಳ್ಳೋದು ಅಂದ್ರೆ ಉಸಿರು ಬಿಗಿ ಹಿಡಿಯೋದು ಕಣೇ. ಸುಧಾರಿಸ್ಕೊಳ್ಳೋದು ಅಂದ್ರೆ ಉಸಿರು ವಾಪಸ್ ಬರೋದು. ನಾವು ಕೇಳ್ಬೇಕಾಗಿರೋದು ಎರಡನೇದನ್ನ.” ಪ್ರಶ್ನೆ ಬದಲಾಯಿತು: ‘ಕೆಲಸದ ನಡುವೆ ಗಾಬರಿಯಾದರೆ, ಸುಧಾರಿಸಿಕೊಂಡು ಮತ್ತೆ ಕೆಲಸ ಮುಂದುವರಿಸಬಲ್ಲೆ ಎಂಬ ನಂಬಿಕೆ ನಿಮಗೆ ಎಷ್ಟಿದೆ?’ ಇಂದು ಅನೇಕ ಕಡೆ ಬಳಕೆಯಲ್ಲಿರುವ ಅವರ ಮಾಪಕದ ಬೆನ್ನೆಲುಬು ಈ ಒಂದು ವಾಕ್ಯ.

ಮಾಪಕಕ್ಕೆ ಹೆಸರು ಬಂದ ಮೇಲೆಯೇ ದರ್ಜಿ ಯಜಮಾನರ ಮಾತು ನಿಜವಾಗುವ ಹೊತ್ತು ಬಂತು. ಒಂದು ಮಧ್ಯಾಹ್ನ ನಿಧಾನಪ್ಪನವರ ಬಸ್ಸಿನ ಮುಂದೆ ಸೈಕಲ್ಲಿನವನೊಬ್ಬ ಜಾರಿ ಬಿದ್ದ. ಅವನನ್ನು ಉಳಿಸಲು ಇವರು ಪಕ್ಕಕ್ಕೆ ಎಳೆದ ಬಸ್ಸು ಬಟ್ಟೆ ಅಂಗಡಿಯ ಗಾಜಿಗೆ ನುಗ್ಗಿತು. ಸೈಕಲ್ಲಿನವನ ಮೊಣಕಾಲು ತರಚಿತು, ಅಂಗಡಿಯ ಎರಡು ಗೊಂಬೆಗಳು ಮುರಿದವು, ಬೇರೆ ಯಾರಿಗೂ ಏನೂ ಆಗಲಿಲ್ಲ. ತಪ್ಪು ಇವರದಲ್ಲವೆಂದು ಸಂಸ್ಥೆಯೂ ಒಪ್ಪಿತು. ಆದರೆ ಮಾರನೆಯ ದಿನದಿಂದ ಸ್ಟಿಯರಿಂಗ್ ಮುಟ್ಟಿದರೆ ಅವರ ಕೈ ನಡುಗತೊಡಗಿತು. ಅವರನ್ನು ಬಸ್ಸು ತೊಳೆಯುವ ಕೆಲಸಕ್ಕೆ ಹಾಕಿದರು. ಡಿಪೋ ಮ್ಯಾನೇಜರು ಅವರನ್ನು ನಮ್ಮಲ್ಲಿಗೆ ಕಳಿಸಿ, ಮೇಡಂ ಮಾಪಕದಲ್ಲಿ ಎಷ್ಟು ಬರುತ್ತದೆ ನೋಡಿ ಹೇಳಿ ಎಂದರು. ನಿಧಾನಪ್ಪ ಸುಳ್ಳು ಹೇಳುವವರಲ್ಲ. ಒಂದು ಎಂದರು.

ಮ್ಯಾನೇಜರು ಕೆಟ್ಟವರಲ್ಲ, ಪ್ರಯಾಣಿಕರ ಜೀವದ ಹೊಣೆ ಹೊತ್ತವರು. ಐದಕ್ಕಿಂತ ಕಡಿಮೆ ಬಂದವರನ್ನು ಕಾಯಂ ಆಗಿ ಚಾಲನೆಯಿಂದ ತೆಗೆಯುವುದೆಂದು ನಿಯಮ ಮಾಡಹೊರಟಿದ್ದರು. ಮೊದಲ ಹೆಸರು ನಿಧಾನಪ್ಪನವರದು. ಬಸ್ಸು ಓಡಿಸುವುದೊಂದನ್ನು ಬಿಟ್ಟು ಬೇರೆ ಕೆಲಸವನ್ನು ಎಂದೂ ಬಯಸದ ಮನುಷ್ಯ, ನಾವು ಹೋದಾಗ ಮ್ಯಾನೇಜರ ಕಚೇರಿಯ ಗೋಡೆಗೆ ಒರಗಿ, ಬಸ್ಸು ತೊಳೆದು ಒದ್ದೆಯಾದ ಪ್ಯಾಂಟಿನಲ್ಲಿ ನಿಂತಿದ್ದರು. ಮೇಡಂ ಕುರ್ಚಿಯಲ್ಲಿ ಕೂರಲಿಲ್ಲ, ಅವರ ಪಕ್ಕ ನಿಂತರು.

“ಒಂದು ಅಂದವರ ಕೈಗೆ ಬಸ್ ಕೊಡ್ಲಾ ಮೇಡಂ?” ಎಂದರು ಮ್ಯಾನೇಜರು.

“ಈವತ್ತು ಬೇಡ ಸಾರ್. ಆದ್ರೆ ಯಾವತ್ತೂ ಬೇಡ ಅಂತ ನನ್ನ ಅಳತೆ ಇಟ್ಕೊಂಡು ಬರೀಬೇಡಿ. ಇದು ಇವರಿಗೆ ಬಸ್ ಓಡಿಸೋಕೆ ಬರುತ್ತಾ ಅಂತ ಅಳೆಯೋದಲ್ಲ. ಇವರಿಗೆ ಇವರ ಮೇಲೆ ಈವತ್ತು ಎಷ್ಟು ನಂಬಿಕೆ ಇದೆ ಅಂತ ಅಷ್ಟೆ. ಅದು ಏರುತ್ತೆ, ಇಳಿಯುತ್ತೆ.” ಆಮೇಲೆ ಸ್ವರ ತಗ್ಗಿಸಿ ಹೇಳಿದರು. “ನಿಜ ಹೇಳಿದ್ದಕ್ಕೆ ಇವರ ಕೆಲಸ ಹೋದ್ರೆ ನಾಳೆಯಿಂದ ಡಿಪೋದಲ್ಲಿ ಎಲ್ಲರೂ ಹತ್ತು ಅಂತಾರೆ. ಆಗ ಯಾರ ಕೈ ನಡುಗ್ತಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

ಮ್ಯಾನೇಜರು ಬರೆಯಹೊರಟ ಪೆನ್ನಿಗೆ ಮುಚ್ಚಳ ಹಾಕಿದರು. ಮಳೆಗಾಲ ಮುಗಿಯುವ ತನಕ ಸಮಯ ಕೊಟ್ಟರು. ಅಷ್ಟರಲ್ಲಿ ನಿಧಾನಪ್ಪ ಇನ್‌ಸ್ಪೆಕ್ಟರ ಮುಂದೆ ಪೂರ್ತಿ ಒಂದು ಸುತ್ತು ಓಡಿಸಿ ತೋರಿಸಬೇಕು, ಆಗದಿದ್ದರೆ ನೀರಿನ ಪೈಪೇ ಕಾಯಂ.

ಮೇಡಂ ಅವರನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ ಅದೇ ಪ್ರಶ್ನೆ ಕೇಳಿದರು. ಒಂದು ಸರಿ, ಸೊನ್ನೆ ಯಾಕಲ್ಲ? ನಿಧಾನಪ್ಪ ತಮ್ಮ ಹೆಸರಿಗೆ ತಕ್ಕಂತೆ ಯೋಚಿಸಿದರು. “ಬೆಳಿಗ್ಗೆ ಬಸ್ಸಲ್ಲೇ ಬಂದೆ ಮೇಡಂ. ಡ್ರೈವರ್ ಪಕ್ಕ ಕೂತಿದ್ದೆ. ಅವನು ಬ್ರೇಕ್ ಹಾಕೋ ಮುಂಚೆ ನನ್ನ ಕಾಲು ಬ್ರೇಕ್ ಹಾಕ್ತಿತ್ತು.”

“ಹಾಗಾದ್ರೆ ಕಾಲು ಸರಿಯಾಗಿದೆ. ಕೈಯನ್ನ ಮಾತಾಡಿಸೋಣ.”

ಆ ಮಳೆಗಾಲವಿಡೀ ಅವರು ಕೈಯನ್ನು ಮಾತಾಡಿಸಿದರು. ಮೊದಲು ನಿಂತ ಬಸ್ಸಿನಲ್ಲಿ ಬರಿದೆ ಕೂರುವುದು. ಆಮೇಲೆ ಇಂಜಿನ್ ಶುರುಮಾಡಿ ಕೂರುವುದು. ಕೈ ನಡುಗಿದರೆ ಇಳಿಯುವಂತಿಲ್ಲ, ಸುಧಾರಿಸಿಕೊಂಡು ಮತ್ತೆ ಹಿಡಿಯಬೇಕು. ಆಮೇಲೆ ಡಿಪೋದ ಅಂಗಳದಲ್ಲೇ ಒಂದು ಸುತ್ತು. ಮೇಡಂ ವಾರಕ್ಕೆರಡು ಸಲ ಕೊಡೆ ಹಿಡಿದು ಅಲ್ಲಿ ನಿಲ್ಲುತ್ತಿದ್ದರು, ಕೆಲವೊಮ್ಮೆ ನಾನು ನಿಲ್ಲುತ್ತಿದ್ದೆ. ಒಂದು ಎರಡಾಯಿತು, ಮೂರಾಯಿತು, ಒಂದು ದಿನ ಯಾರೋ ಹಿಂದಿನಿಂದ ಹಾರ್ನ್ ಹೊಡೆದದ್ದಕ್ಕೆ ಮತ್ತೆ ಒಂದಾಯಿತು. ಅಂದು ನಿಧಾನಪ್ಪ ಮುಖ ತಿರುಗಿಸಿಕೊಂಡು ಅತ್ತರು. ಮೇಡಂ ಪಕ್ಕದ ಸೀಟಿನಲ್ಲಿ ಕೂತು, ಅಳು ಮುಗಿಯುವ ತನಕ ಏನೂ ಹೇಳದೆ ಕಾದರು. ಅವರ ಬಗ್ಗೆ ನನಗಿರುವ ಗೌರವಕ್ಕೆ ಒಂದೇ ಕಾರಣ ಹೇಳೆಂದರೆ ನಾನು ಅವರ ಪುಸ್ತಕಗಳನ್ನಲ್ಲ, ಆ ಮೌನವನ್ನು ಹೇಳುತ್ತೇನೆ.

ಪರೀಕ್ಷೆಯ ದಿನ ಬಂತು. ಊರಾಚೆಯ ಅದೇ ಉದ್ದ ದಾರಿ. ಹಿಂದಿನ ಸೀಟಿನಲ್ಲಿ ಇನ್‌ಸ್ಪೆಕ್ಟರು ಮತ್ತು ನಾನು. ಮುಂದೆ, ಚಾಲಕರ ಕನ್ನಡಿಗೆ ಕಾಣುವಂತೆ, ಪ್ರಯಾಣಿಕರ ಪ್ರತಿನಿಧಿಯಾಗಿ ಮೇಡಂ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಮೇಡಂ ಅವರಿಗೆ ಬಸ್ಸು ಆಗುವುದಿಲ್ಲ. ಹತ್ತು ನಿಮಿಷ ಕೂತರೆ ಹೊಟ್ಟೆ ತೊಳಸುತ್ತದೆ. ವಿಭಾಗದ ಪ್ರವಾಸಗಳಲ್ಲೆಲ್ಲ ಕೈಯಲ್ಲಿ ನಿಂಬೆಹಣ್ಣು ಹಿಡಿದು ಕಣ್ಣು ಮುಚ್ಚಿ ಕೂರುವವರು ಅವರು. ಆದರೂ ತಾವೇ ಕೂರುವುದೆಂದು ಹಟ ಹಿಡಿದಿದ್ದರು.

ಊರು ದಾಟುವ ತನಕ ನಿಧಾನಪ್ಪನವರ ಹೆಗಲು ಕಲ್ಲಿನಂತೆ ಬಿಗಿದಿತ್ತು, ಬಟ್ಟೆ ಅಂಗಡಿಯ ಮುಂದೆ ಬಸ್ಸು ಬಹುತೇಕ ನಿಂತೇಹೋಯಿತು. ಇನ್‌ಸ್ಪೆಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ತಿರುವುಗಳು ಶುರುವಾದ ಮೇಲೆ ಮೇಡಂ ಮುಖ ಬಿಳುಚಿಕೊಂಡಿತು, ನಿಂಬೆಹಣ್ಣು ಮೂಗಿಗೆ ಹೋಯಿತು. ನಿಧಾನಪ್ಪ ಕನ್ನಡಿಯಲ್ಲಿ ಅದನ್ನು ಕಂಡರು.

“ಮೇಡಂ, ಟರ್ಮಿನಸ್ ತನಕ ತಡ್ಕೋತೀರಾ? ಹತ್ತಕ್ಕೆ ಎಷ್ಟು?”

“ಎರಡು” ಎಂದರು ಮೇಡಂ, ಕಣ್ಣು ತೆರೆಯದೆ.

“ಸೊನ್ನೆ ಯಾಕಲ್ಲ?”

ಮೇಡಂ ಕಣ್ಣು ತೆರೆದರು. “ಓಡಿಸ್ತಿರೋದು ನೀವಲ್ವಾ” ಎಂದರು.

ಅಲ್ಲಿಂದ ಮುಂದಿನದು ನಾನು ನನ್ನ ಜೀವಮಾನದಲ್ಲಿ ಕಂಡ ಅತ್ಯಂತ ನಯವಾದ ಬಸ್ ಪ್ರಯಾಣ. ಪ್ರತಿ ತಿರುವನ್ನೂ ಅವರು ಮಗುವಿನ ತೊಟ್ಟಿಲು ತಿರುಗಿಸಿದಂತೆ ತಿರುಗಿಸಿದರು. ಹಳ್ಳ ಕಂಡರೆ ಮೊದಲೇ ಹೇಳಿದರು. ಹಿಂದೆ ಇನ್‌ಸ್ಪೆಕ್ಟರು ಇದ್ದಾರೆಂಬುದನ್ನೂ, ತಮಗೆ ಎರಡು ಕೈಗಳಿವೆ ಎಂಬುದನ್ನೂ ಅವರು ಮರೆತೇಬಿಟ್ಟಿದ್ದರು. ಟರ್ಮಿನಸ್ಸಿನಲ್ಲಿ ಬಸ್ಸು ನಿಂತಾಗ ಮೇಡಂ ಇಳಿದು ನೇರವಾಗಿ ತಾವೇ ಕಟ್ಟಿಸಿದ ಶೌಚಾಲಯದ ಕಡೆಗೆ ಓಡಿದರು. ಮರಳಿ ಬಂದಾಗ ಇನ್‌ಸ್ಪೆಕ್ಟರು ಸಹಿ ಹಾಕಿಯಾಗಿತ್ತು. ಆ ದಿನದ ಅಂಕ ಎಷ್ಟೆಂದು ನಿಧಾನಪ್ಪನವರನ್ನು ಕೇಳಲು ನಾವಿಬ್ಬರೂ ಮರೆತೆವು. ಮಾಪಕದ ಇತಿಹಾಸದಲ್ಲಿ ಆ ಜಾಗ ಇಂದಿಗೂ ಖಾಲಿ ಇದೆ.

ಐದಕ್ಕಿಂತ ಕಡಿಮೆಯ ನಿಯಮ ಮತ್ತೆ ಬರಲಿಲ್ಲ. ಬದಲಿಗೆ, ಕಡಿಮೆ ಅಂಕದವರು ಕೆಲವು ವಾರ ಅಂಗಳದಲ್ಲಿ ಓಡಿಸಿ ಸುಧಾರಿಸಿಕೊಳ್ಳಬಹುದು ಎಂಬ ಏರ್ಪಾಡು ಬಂತು. ಅದನ್ನು ಈಗ ನೋಡಿಕೊಳ್ಳುವವರು ಸ್ವತಃ ನಿಧಾನಪ್ಪನವರೇ.

ಕಳೆದ ತಿಂಗಳು ನಡೆದ ಬೀಳ್ಕೊಡುಗೆಯಲ್ಲಿ ಹೊಗಳಿಕೆಯ ಭಾಷಣಗಳೆಲ್ಲ ಮುಗಿದ ಮೇಲೆ ಮೇಡಂ ಎದ್ದು ನಿಂತರು.  “ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ಲ. ಮನೇಲಿರೋದನ್ನ ನಿಭಾಯಿಸ್ತೀನಿ ಅನ್ನೋ ನಂಬಿಕೆ ಹತ್ತಕ್ಕೆ ಮೂರು” ಎಂದರು. ಸಭಾಂಗಣದಲ್ಲಿದ್ದ ಅಷ್ಟೂ ತಲೆಮಾರಿನ ವಿದ್ಯಾರ್ಥಿಗಳು, ಹಿಂದಿನ ಸಾಲಿನಲ್ಲಿದ್ದ ಖಾಕಿಯವರೂ ಸೇರಿ, ಒಂದೇ ದನಿಯಲ್ಲಿ ಕೇಳಿದರು. ಏನು ಕೇಳಿದರೆಂದು ಬರೆಯಬೇಕಾಗಿಲ್ಲ. ಮುಂದಿನ ಸಾಲಿನಿಂದ ಉತ್ತರ ಕೊಟ್ಟವರು ದರ್ಜಿ ಯಜಮಾನರು. “ನಾನಿದೀನಲ್ಲ, ಅದಕ್ಕೆ. ನನ್ನ ಲೆಕ್ಕದಲ್ಲಿ ಮೂರೂ ಜಾಸ್ತೀನೇ.” ಮೇಡಂ ಕಣ್ಣೊರೆಸಿಕೊಂಡು ನಕ್ಕರು. ಅಂದು ಅವರನ್ನು ಮನೆಗೆ ಬಿಟ್ಟದ್ದು ನಿಧಾನಪ್ಪನವರ ಬಸ್ಸು, ನಿಂಬೆಹಣ್ಣು ಚೀಲದಿಂದ ಹೊರಬರಲಿಲ್ಲ.

ಇನ್ನು ಹಾರೈಕೆ. ಮೇಡಂ ನೂರು ವರ್ಷ ಆರೋಗ್ಯವಾಗಿ ಬಾಳಲಿ, ಪರದೆಯಾಚೆ ಕತ್ತರಿಯ ಸದ್ದು, ಈಚೆ ಅವರ ಪೆನ್ನಿನ ಸದ್ದು ಹೀಗೆಯೇ ನಡೆಯಲಿ, ದಾದಿಯರಿಗಾಗಿ ಅವರು ಅರ್ಧಕ್ಕೆ ತಂದಿರುವ ಹೊಸ ಮಾಪಕ ಪೂರ್ತಿಯಾಗಲಿ. ಅದರ ಪ್ರಶ್ನೆಗಳಲ್ಲಿ ಎಲ್ಲಿಯೂ ‘ತಡೆದುಕೊಳ್ಳು’ ಎಂಬ ಪದ ಬರದಿರಲಿ. ಅವರ ಕುರ್ಚಿಯಲ್ಲಿ ಕೂತು ಅವರ ಕೆಲಸವನ್ನು ಮುಂದುವರಿಸಬಲ್ಲೆ ಎಂಬ ನಂಬಿಕೆ ನನಗೆಷ್ಟಿದೆ ಎಂದು ಬೀಗದಕೈ ಕೊಡುವಾಗ ಅವರು ಕೇಳಿದ್ದರು, ನಾನು ಉತ್ತರಿಸದೆ ನಕ್ಕು ಸುಮ್ಮನಾಗಿದ್ದೆ. ಈಗ ಇಲ್ಲಿ, ಎಲ್ಲರೆದುರು ಉತ್ತರಿಸುತ್ತೇನೆ. ಹತ್ತು, ಮೇಡಂ. ದಯವಿಟ್ಟು ನನ್ನ ಮೇಲೆ ಒಂದು ಕಣ್ಣಿಟ್ಟಿರಿ.